ಜೊಂಡಿನ ಅಂಚಿನಲ್ಲಿ ಬೇಯ್ಲನ್ಸ್ ಕ್ರೇಕ್ ನೋಡುವುದು

ಬೇಯ್ಲನ್ಸ್ ಕ್ರೇಕ್ ಎಂಬ ಪುಟ್ಟ ಜೌಗು ಹಕ್ಕಿಯನ್ನು ಹುಡುಕಿಕೊಂಡು ಜೊಂಡಿನೊಳಗೆ ನುಗ್ಗಿದರೆ ಹಕ್ಕಿ ಸಿಗುವುದಿಲ್ಲ. ಉದ್ದ 16ರಿಂದ 18 ಸೆಂ.ಮೀ., ಮೈ ಎರಡೂ ಬದಿಯಿಂದ ಒತ್ತಿದಂತೆ ಕಿರಿದು. ದಟ್ಟ ಕಡ್ಡಿಗಳ ನಡುವೆ ಸದ್ದಿಲ್ಲದೆ ನುಸುಳಿಬಿಡುತ್ತದೆ; ಹೆದರಿದರೂ ಹಾರುವುದು ಅಪರೂಪ, ಓಡುವುದೇ ಹೆಚ್ಚು. ಹಾಗಾಗಿ ನಾನು ಮೊದಲು ಹುಡುಕುವುದು ಕೂರುವ ಜಾಗ.

ನೀರು ಇಳಿಯುತ್ತಿರುವ ಅಂಚು ಬೇಕು. ಜೊಂಡಿನ ಬುಡಕ್ಕೂ ನೀರಿಗೂ ನಡುವೆ ಹಸಿ ಕೆಸರಿನ ಪಟ್ಟಿ ಕಾಣುತ್ತಿರಬೇಕು, ಇಲ್ಲವೇ ತೇಲುವ ಎಲೆಗಳ ಹಾಸಿರಬೇಕು. ಉದ್ದ ಬೆರಳುಗಳಿಂದಾಗಿ ಆ ಎಲೆಗಳ ಮೇಲೂ ಆರಾಮಾಗಿ ನಡೆದು ಹುಳು, ಲಾರ್ವಾ, ಸಣ್ಣ ಬಸವನಹುಳು ಹೆಕ್ಕುತ್ತದೆ. ಜೊಂಡು ನೇರವಾಗಿ ಆಳ ನೀರಿನಲ್ಲಿ ನಿಂತಿದ್ದರೆ ಅಲ್ಲಿ ಕಾಯುವುದು ವ್ಯರ್ಥ.

ಬೆಳಕು ಹರಿಯುವ ಮೊದಲೇ, ಸೂರ್ಯ ಬೆನ್ನಿಗೆ ಬರುವಂತೆ, ತಗ್ಗಾಗಿ ಕೂರುತ್ತೇನೆ. 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು. ಟೆಲಿಸ್ಕೋಪ್ ಇದ್ದರೆ ಕಡ್ಡಿಗಳ ನಡುವಿನ ಒಂದು ಸಂದಿಗೆ ಮೊದಲೇ ಫೋಕಸ್ ಮಾಡಿಡಿ. ಹಕ್ಕಿ ಬಂದ ಮೇಲೆ ತಿರುಗಿಸಲು ಹೊರಟರೆ ಆ ಚಲನೆಗೇ ಅದು ಒಳಸೇರುತ್ತದೆ. ಕ್ಯಾಮೆರಾದಲ್ಲಿ ಆಟೋಫೋಕಸ್ ಮುಂದಿನ ಕಡ್ಡಿಗೆ ಅಂಟಿಕೊಳ್ಳುವುದೇ ಹೆಚ್ಚು, ಮ್ಯಾನ್ಯುಯಲ್ ಒಳ್ಳೆಯದು. ಕಣ್ಣು ಜೊಂಡಿನ ತುದಿಯಲ್ಲಿ ಬೇಡ, ಬುಡದಲ್ಲಿರಲಿ. ಗಾಳಿಯಿದ್ದ ದಿನ ಎಲ್ಲವೂ ಅಲುಗುವುದರಿಂದ ಹಕ್ಕಿಯ ಸುಳಿವು ಸಿಗುವುದು ಕಷ್ಟ. ನಿಶ್ಚಲ ಮುಂಜಾನೆಯಲ್ಲಿ ನೀರಿನ ಮೇಲೆ ಏಳುವ ಸಣ್ಣ ಅಲೆಯುಂಗುರವೇ ಅದನ್ನು ತೋರಿಸಿಕೊಡುತ್ತದೆ. ಒಳಗೆ ಮರೆಯಾದರೆ ಎದ್ದು ಹೋಗಬೇಡಿ. ಅದೇ ಸಂದಿಯಿಂದ ಮತ್ತೆ ಹೊರಬರುವ ಸಾಧ್ಯತೆ ಚೆನ್ನಾಗಿದೆ.

ಗುರುತಿನಲ್ಲಿ ಎಡವುವುದು ಇದನ್ನೇ ಹೋಲುವ ಲಿಟಲ್ ಕ್ರೇಕ್ ಎಂಬ ಇನ್ನೊಂದು ಹಕ್ಕಿಯ ಜೊತೆ. ಎರಡಕ್ಕೂ ಕೊಕ್ಕು ಹಸಿರು, ಆದರೆ ವಯಸ್ಕ ಲಿಟಲ್ ಕ್ರೇಕ್‌ನ ಕೊಕ್ಕಿನ ಬುಡದಲ್ಲಿ ಕೆಂಪಿರುತ್ತದೆ, ಬೇಯ್ಲನ್ಸ್‌ನಲ್ಲಿ ಇಲ್ಲ. ಎಳೆಯ ಹಕ್ಕಿಗಳಲ್ಲಿ ಈ ಕೆಂಪನ್ನು ನಂಬುವಂತಿಲ್ಲ, ಆಗ ರೆಕ್ಕೆ ನೋಡಬೇಕು: ಮಡಚಿದಾಗ ಒಳಗರಿಗಳನ್ನು (ರೆಕ್ಕೆಯಲ್ಲಿ ಮೈಗೆ ಹತ್ತಿರದ ಗರಿಗಳನ್ನು) ದಾಟಿ ಹೊರಚಾಚುವ ತುದಿ ಬೇಯ್ಲನ್ಸ್‌ನಲ್ಲಿ ಬಹಳ ಗಿಡ್ಡ, ಲಿಟಲ್‌ನಲ್ಲಿ ಉದ್ದ. ವಯಸ್ಕ ಬೇಯ್ಲನ್ಸ್‌ನ ಕಂದು ಬೆನ್ನಿನ ತುಂಬ ಕಪ್ಪು ಅಂಚಿನ ಬಿಳಿ ಗೀಚುಗಳು. ಪಕ್ಕೆಯ ಕಪ್ಪು-ಬಿಳಿ ಪಟ್ಟೆ ಕಾಲಿಗಿಂತ ಮುಂದಕ್ಕೂ ಹಬ್ಬಿರುತ್ತದೆ. ಹುಂಡುಕೋಳಿಯ ಪೂರ್ತಿ ಕಪ್ಪು ಮರಿಯನ್ನು ಕಂಡು ಕ್ರೇಕ್ ಎಂದು ಬರೆದುಕೊಳ್ಳುವವರೂ ಇದ್ದಾರೆ.

ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದನ್ನು ನಾನು ಒಪ್ಪುವುದಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಎದುರಾಳಿ ಬಂದನೆಂದು ಅದು ಕಾವು ಬಿಟ್ಟು ಎದ್ದುಬರಬಹುದು, ಮೊಟ್ಟೆಗಳಿಗೆ ಅಪಾಯ.