ಹಿಮದ ಘಾಟಿಯಲ್ಲಿ ಇನ್ನೋವಾ: ಭಾರ ಹಿಂದಿರಲಿ, ಕಾಲು ಹಗುರಾಗಿರಲಿ

2020ರ ಅಕ್ಟೋಬರ್‌ನಲ್ಲಿ ಹಿಮಾಚಲದ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಮನಾಲಿಯಿಂದ ಲಾಹೌಲ್ ಕಣಿವೆಗೆ ಗಾಡಿ ಹೋಗುತ್ತದೆ. ಬೆಂಗಳೂರಿನಿಂದ ಸ್ವಂತ ಗಾಡಿಯಲ್ಲೇ ಹೋಗುವವರೂ ಇದ್ದಾರೆ. ಇನ್ನೋವಾ ಕ್ರಿಸ್ಟಾ, ಬೊಲೆರೊಗಳಲ್ಲಿ ಎಂಜಿನ್ ಮುಂದಿದ್ದರೂ ಗಾಡಿಯನ್ನು ತಳ್ಳುವುದು ಹಿಂದಿನ ಚಕ್ರ. ಹಿಂದಿನ ಸೀಟು ಖಾಲಿಯಿದ್ದರೆ ಆ ಚಕ್ರದ ಮೇಲೆ ಭಾರ ಸಾಲದೆ ಹಿಮದಲ್ಲಿ ಹಿಡಿತ ಕಡಿಮೆ. ಸುರಂಗದ ಬಾಯಿ ಇರುವುದು ಸುಮಾರು 3,000 ಮೀಟರ್ ಎತ್ತರದಲ್ಲಿ. ಮನಾಲಿ ಬಳಿಯ ಸೋಲಂಗ್ ದಾಟಿ ಅಲ್ಲಿಗೆ ಏರುವಾಗಲೇ ಈ ಹಿಡಿತದ ಕೊರತೆ ಗೊತ್ತಾಗುತ್ತದೆ.

ಹಾಗಾಗಿ ಮೊದಲ ಕೆಲಸ, ಕ್ಯಾರಿಯರ್ ಮೇಲಿನ ಲಗೇಜನ್ನು ಇಳಿಸಿ ಡಿಕ್ಕಿಗೆ ಹಾಕಿ, ಅಲುಗದಂತೆ ಕಟ್ಟುವುದು. ಜೊತೆಗೆ ಎರಡು ಚೀಲ ಮರಳು. ಸಿಕ್ಕಿಕೊಂಡಾಗ ಅದನ್ನೇ ಟೈರಿನ ಮುಂದೆ ಎರಚಬಹುದು.

ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನ್ ಕಟ್ಟಬೇಕಾದ್ದು ಹಿಂದಿನ ಎರಡೂ ಚಕ್ರಕ್ಕೆ. ಮನೆ ಮುಂದೆಯೇ ಒಮ್ಮೆ ಕಟ್ಟಿ ನೋಡಿ. ಹಿಮದಲ್ಲಿ ಬೆರಳು ಮರಗಟ್ಟಿದಾಗ ಯಾವ ಕೊಕ್ಕೆ ಎಲ್ಲಿಗೆ ಅನ್ನೋದೇ ತಿಳಿಯುವುದಿಲ್ಲ. ಟೈರಿನ ಮೇಲೆ ಹೊದಿಸಿ, ಒಳಗಿನ ಕೊಕ್ಕೆ ಮೊದಲು, ಹೊರಗಿನದು ಆಮೇಲೆ. ನೂರಡಿ ಓಡಿಸಿ ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ಸಡಿಲವಾದ ಚೈನ್ ಬ್ರೇಕ್ ಪೈಪಿಗೇ ಬಡಿದೀತು. 40 ಕಿ.ಮೀ. ವೇಗ ದಾಟಬೇಡಿ. ಹಿಮ ಜೋರಾದ ದಿನ ಪೊಲೀಸರು ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ) ಗಾಡಿ ಮಾತ್ರ ಬಿಡುವುದುಂಟು. ಸುಮ್ನೆ ವಾದ ಬೇಡ, ಅಲ್ಲಿನ ಟ್ಯಾಕ್ಸಿ ಹಿಡಿಯಿರಿ.

ನಿಂತ ಗಾಡಿ ಹೊರಡಿಸುವಾಗ ಎರಡನೇ ಗೇರು, ಕ್ಲಚ್ ನಿಧಾನ. ಮಲೆನಾಡಿನ ಕೆಸರಲ್ಲಿ ರೇಸ್ ಕೊಟ್ಟು ನುಗ್ಗಿಸುವ ಅಭ್ಯಾಸ ಇಲ್ಲಿ ನಡೆಯದು. ಸುಮ್ಮನೆ ತಿರುಗುವ ಟೈರು ಹಿಮವನ್ನು ಉಜ್ಜಿ ಉಜ್ಜಿ ಗಾಜು ಮಾಡಿಬಿಡುತ್ತದೆ.

ಹತ್ತುವುದು ಹೇಗೋ ಆಗುತ್ತದೆ. ನನ್ನ ಪ್ರಕಾರ ಹೆದರಬೇಕಾದ್ದು ಇಳಿಯುವಾಗ. ಇಳಿಜಾರು ಶುರುವಾಗುವ ಮೊದಲೇ ಕೆಳ ಗೇರಿಗೆ ಬನ್ನಿ. ಈ ಗಾಡಿಗಳಲ್ಲಿ ಎಂಜಿನ್ ಹಿಡಿದೆಳೆಯುವುದು ಹಿಂದಿನ ಚಕ್ರವನ್ನು ಮಾತ್ರ. ನಡುದಾರಿಯಲ್ಲಿ ಗೇರು ಇಳಿಸಿ ಕ್ಲಚ್ ಪಟ್ಟನೆ ಬಿಟ್ಟರೆ ಹ್ಯಾಂಡ್‌ಬ್ರೇಕ್ ಎಳೆದ ಹಾಗೇ, ಗಾಡಿ ಗಿರಕಿ ಹೊಡೆಯುತ್ತದೆ. ಬ್ರೇಕ್ ಏನಿದ್ದರೂ ತಿರುವಿಗೆ ಮುಂಚೆ, ನೇರ ದಾರಿಯಲ್ಲಿ. ಬಿಸಿಲು ಬೀಳದ ತಿರುವಿನಲ್ಲಿ ರಸ್ತೆ ಬರೀ ಒದ್ದೆಯಾದಂತೆ ಕಂಡರೂ ಅದು ಮಂಜುಗಡ್ಡೆ ಇರಬಹುದು.

ಹಿಂಭಾಗ ಎಡಕ್ಕೆ ಜಾರಿತೋ, ಆಕ್ಸಿಲರೇಟರ್ ಬಿಡಿ, ಸ್ಟೀರಿಂಗನ್ನೂ ಎಡಕ್ಕೇ ತಿರುಗಿಸಿ. ಬ್ರೇಕ್ ಮುಟ್ಟಬೇಡಿ. ಗಾಡಿ ನೆಟ್ಟಗಾಗುತ್ತಿದ್ದಂತೆ ಸ್ಟೀರಿಂಗನ್ನೂ ನೆಟ್ಟಗೆ ಮಾಡಿ. ತಡವಾದರೆ ಬಾಲ ಬಲಕ್ಕೆ ಬೀಸುತ್ತದೆ.

ರಾತ್ರಿ ನಿಲ್ಲಿಸುವಾಗ ಸಮತಟ್ಟು ಜಾಗ ನೋಡಿ. ಹ್ಯಾಂಡ್‌ಬ್ರೇಕ್ ಹಾಕಿದರೆ ಹೆಪ್ಪುಗಟ್ಟಿ ಅಂಟಿಕೊಳ್ಳಬಹುದು. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಬೆಳಗ್ಗೆ ಹೊರಡುವ ಗಡಿಬಿಡಿಯಲ್ಲಿ ಆ ಕಲ್ಲು ತೆಗೆಯೋದನ್ನ ಮಾತ್ರ ಮರೀಬೇಡಿ.