ಗುಂಯ್ ಅನ್ನುತ್ತಿದ್ದ ಆಂಪ್ಲಿಫೈಯರ್‌ಗೆ ಎರಡನೇ ಬೋರ್ಡ್ ಮಾಡಿದ ಕತೆ

ಮೊದಲ ಬೋರ್ಡ್ ನೋಡೋಕೆ ಬಹಳ ಚೆನ್ನಾಗಿತ್ತು. ತಾಮ್ರದ ಟ್ರ್ಯಾಕ್‌ಗಳೆಲ್ಲ ನೀಟಾಗಿ, ಕೆಪಾಸಿಟರ್‌ಗಳು ಒಂದೇ ಸಾಲಲ್ಲಿ, ಬೋರ್ಡ್ ಡಿಸೈನ್ ಮಾಡುವ ಸಾಫ್ಟ್‌ವೇರ್ ಕಿಕ್ಯಾಡ್‌ನಲ್ಲಿ ಚೆಕ್ ಓಡಿಸಿದರೆ ಒಂದೂ ತಪ್ಪಿಲ್ಲ. ಸ್ಪೀಕರ್ ಸಿಕ್ಕಿಸಿ ಸ್ವಿಚ್ ಹಾಕಿದೆ, ಗುಂಯ್ ಅಂತ ಶುರುವಾಯಿತು. ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್.

ಸದ್ದು ದೊಡ್ಡದು ಮಾಡುವ ಐಸಿ (ಚಿಪ್) ಎಲ್‌ಎಂ3886. ಮನೆಯಲ್ಲಿ ಆಂಪ್ಲಿಫೈಯರ್ ಕಟ್ಟುವವರಿಗೆ ಹಳೇ ಪರಿಚಯ. 11 ಕಾಲು, ಸುತ್ತ ಬೇಕಾದ ಬಿಡಿಭಾಗ ಕಡಿಮೆ, ಪ್ಲಸ್ ಮೈನಸ್ ಎರಡೂ ಕಡೆ 28 ವೋಲ್ಟ್ ಕೊಟ್ಟರೆ 4 ಓಮ್ ಸ್ಪೀಕರಿಗೆ 68 ವ್ಯಾಟ್ ಕೊಡುತ್ತದೆ. ನನ್ನದು 18-0-18 ಟ್ರಾನ್ಸ್‌ಫಾರ್ಮರ್ (ನಡುವಿನ ವೈರ್ ಸೊನ್ನೆ, ಎರಡೂ ತುದಿಗೆ 18 ವೋಲ್ಟ್ ಎಸಿ), ಅಂದರೆ ಡಿಸಿ ಆದ ಮೇಲೆ ಸುಮಾರು 25 ವೋಲ್ಟ್. ಸರ್ಕ್ಯೂಟ್ ಐಸಿ ತಯಾರಕರ ಡೇಟಾಶೀಟ್‌ನಲ್ಲಿ ಇದ್ದದ್ದೇ. ಹಾಗಾಗಿ ಎಡವಟ್ಟು ಆಗಿದ್ದು ಬೋರ್ಡ್ ಎಳೆಯುವಾಗಲೇ.

ಇನ್‌ಪುಟ್ ಅನ್ನು ಬೋರ್ಡ್ ಮೇಲೇ ಶಾರ್ಟ್ ಮಾಡಿ ನೋಡಿದೆ, ಸದ್ದು ಒಂಚೂರೂ ಕಡಿಮೆಯಾಗಲಿಲ್ಲ. ಅಂದರೆ ಕೇಬಲ್‌ದು ತಪ್ಪಲ್ಲ. ಕಿವಿಗೊಟ್ಟು ಕೇಳಿದರೆ ಅದು ಮೆತ್ತನೆಯ ಹಮ್ಮಿಂಗ್ ಕೂಡ ಅಲ್ಲ, ಜೀರುಂಡೆ ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ ಒರಟು ಸದ್ದು. ಇದು 100 ಹರ್ಟ್ಜ್ ಗುರುತು. ಕರೆಂಟ್ 50 ಹರ್ಟ್ಜ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಅಲೆಯ ಎರಡೂ ಅರ್ಧವನ್ನು ಬಳಸುವುದರಿಂದ ಸೆಕೆಂಡಿಗೆ 100 ಸಲ ಫಿಲ್ಟರ್ ಕೆಪಾಸಿಟರ್ (ಡಿಸಿಯ ಏರಿಳಿತ ತಗ್ಗಿಸುವ ದೊಡ್ಡ ಕೆಪಾಸಿಟರ್) ತುಂಬುತ್ತದೆ. ತುಂಬುವುದೂ ನಿಧಾನಕ್ಕಲ್ಲ. ಎಸಿ ತುತ್ತತುದಿಗೆ ಏರಿದ ಆ ಒಂದು ಗಳಿಗೆಯಲ್ಲಿ ಮಾತ್ರ ಗಬಕ್ಕನೆ ಹಲವು ಆಂಪಿಯರ್ ಎಳೆದುಕೊಳ್ಳುತ್ತದೆ.

ಈ ಕರೆಂಟ್ ಹೋಗುವ ದಾರಿಯಲ್ಲೇ ನಾನು ಇನ್‌ಪುಟ್‌ನ ಗ್ರೌಂಡ್ (ಕರೆಂಟ್ ವಾಪಸ್ ಬರುವ, ಸೊನ್ನೆ ವೋಲ್ಟ್‌ನ ದಾರಿ) ತಂದು ಸೇರಿಸಿದ್ದೆ! ಟ್ರಾನ್ಸ್‌ಫಾರ್ಮರ್‌ನ ನಡುವಿನ ವೈರ್‌ನಿಂದ ಕೆಪಾಸಿಟರ್‌ವರೆಗೆ ಒಂದು ಟ್ರ್ಯಾಕ್, ಅದಕ್ಕೆ ಹತ್ತಿರದಲ್ಲಿ ಎಲ್ಲಿ ಸಿಕ್ಕಿತೋ ಅಲ್ಲಿ ಇನ್‌ಪುಟ್. ಸರ್ಕ್ಯೂಟ್ ಚಿತ್ರದಲ್ಲಿ ಎಲ್ಲದಕ್ಕೂ ಒಂದೇ ಗ್ರೌಂಡ್ ಚಿಹ್ನೆ, ಸಾಫ್ಟ್‌ವೇರ್‌ಗೂ ಅಷ್ಟೇ ಗೊತ್ತು, ಎಲ್ಲಿ ಕೂಡಿಸಿದರೂ ಸರಿ ಅನ್ನುತ್ತದೆ. ತಾಮ್ರಕ್ಕೆ ಹಾಗಲ್ಲ. ಮಾಮೂಲಿ ಬೋರ್ಡ್‌ನ ತಾಮ್ರ 35 ಮೈಕ್ರಾನ್ ದಪ್ಪ. ನನ್ನ ಟ್ರ್ಯಾಕ್ 2 ಮಿ.ಮೀ. ಅಗಲ, 4 ಸೆಂ.ಮೀ. ಉದ್ದ, ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 10 ಮಿಲಿಓಮ್. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ಅದರಲ್ಲಿ 5 ಆಂಪಿಯರ್ ಹರಿದರೆ 50 ಮಿಲಿವೋಲ್ಟ್. ಅದು ಇನ್‌ಪುಟ್‌ಗೆ ಸೇರಿಕೊಂಡು, 21 ಪಟ್ಟು ಗೇನ್ ಆಗಿ, ಸ್ಪೀಕರ್‌ನಲ್ಲಿ ಒಂದು ವೋಲ್ಟ್ ಗುಂಯ್!

ಪರೀಕ್ಷೆಗೆ ಅಂತ ಬ್ಲೇಡ್‌ನಲ್ಲಿ ಆ ಜಾಗದ ತಾಮ್ರ ಎರಡು ಕಡೆ ಗೀರಿದೆ. ಸೋಲ್ಡರಿಂಗ್ ಐರನ್ ಬಿಸಿ ತಾಗಿಸಿ ನಡುವಿನ ಚೂರನ್ನು ಬ್ಲೇಡ್ ತುದಿಯಿಂದ ಎಬ್ಬಿದೆ, ಸಿಪ್ಪೆ ಥರ ಎದ್ದು ಬಂತು. ಇನ್‌ಪುಟ್ ಗ್ರೌಂಡ್‌ನಿಂದ ಒಂದು ವೈರ್ ತೆಗೆದು ಎರಡು ದೊಡ್ಡ ಕೆಪಾಸಿಟರ್‌ಗಳು ಕೂಡಿ ಆಚೆ ಬರುವ ಬಿಂದುವಿಗೆ ಬೆಸೆದೆ. ಮುಕ್ಕಾಲು ಪಾಲು ಸದ್ದು ಹೋಯಿತು.

ಎರಡನೇ ಬೋರ್ಡ್ ಶುರು ಮಾಡಿದ್ದು ಪೇಪರ್ ಮೇಲೆ. ಯಾವ ಕರೆಂಟ್ ಎಲ್ಲಿಂದ ಹೊರಟು ಎಲ್ಲಿಗೆ ವಾಪಸ್ ಬರುತ್ತದೆ ಅಂತ ಕೆಂಪು ಪೆನ್ನಲ್ಲಿ ಬರೆದೆ. ಸ್ಪೀಕರ್‌ನ ವಾಪಸಾತಿ, ಔಟ್‌ಪುಟ್‌ನಲ್ಲಿರುವ 2.7 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿ, ಇವೆಲ್ಲ ಪವರ್ ಗ್ರೌಂಡ್‌ಗೆ. ಇನ್‌ಪುಟ್ ಮತ್ತು ಫೀಡ್‌ಬ್ಯಾಕ್‌ನ (ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ಮರಳಿಸುವ ಭಾಗ) ಗ್ರೌಂಡ್ ಬೇರೆ ಟ್ರ್ಯಾಕ್. ಎರಡೂ ಸೇರುವುದು ಒಂದೇ ಕಡೆ, ಕೆಪಾಸಿಟರ್ ದಾಟಿದ ಮೇಲೆ. ಐಸಿಯ ಪವರ್ ಕಾಲುಗಳಿಗೆ, ಅಂದರೆ 1, 5 ಮತ್ತು 4ಕ್ಕೆ, 100 ನ್ಯಾನೋಫ್ಯಾರಡ್ ಕೆಪಾಸಿಟರ್‌ಗಳನ್ನು ಅಂಟಿಕೊಂಡಂತೆ ಇಟ್ಟೆ. ಮೊದಲ ಬೋರ್ಡ್‌ನಲ್ಲಿ ಚೆನ್ನಾಗಿ ಕಾಣಲಿ ಅಂತ 5 ಸೆಂ.ಮೀ. ದೂರ ಇಟ್ಟಿದ್ದೆ, ಹಾಡು ಹಾಕದೇ ಇದ್ದರೂ ಐಸಿ ಬಿಸಿಯಾಗುತ್ತಿತ್ತು. ಸ್ಕೋಪ್ (ವೋಲ್ಟೇಜ್‌ನ ಅಲೆ ತೋರಿಸುವ ಉಪಕರಣ) ಹಚ್ಚಿದಾಗ ಗೊತ್ತಾಯಿತು, ಕಿವಿಗೆ ಕೇಳಿಸದಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಅದು ತನ್ನಷ್ಟಕ್ಕೆ ಆಸಿಲೇಟ್ ಆಗುತ್ತಿತ್ತು. ಫೀಡ್‌ಬ್ಯಾಕ್ ರೆಸಿಸ್ಟರ್‌ಗಳೂ ಅಷ್ಟೇ, 9ನೇ ಕಾಲಿನ ಪಕ್ಕದಲ್ಲೇ ಇರಬೇಕು.

ಬೋರ್ಡ್ ಮಾಡಿಸುವ ಮೊದಲು ಡಿಸೈನನ್ನು ಅಸಲಿ ಅಳತೆಯಲ್ಲೇ ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿ, ಬಿಡಿಭಾಗಗಳ ಕಾಲು ಚುಚ್ಚಿ ನೋಡಿದೆ. ದೊಡ್ಡ ಕೆಪಾಸಿಟರ್‌ನ ಕಾಲುಗಳ ಅಂತರ 10 ಮಿ.ಮೀ., ನಾನು ಹಾಕಿದ್ದು ಏಳೂವರೆ. ಸುಮ್ನೆ ಕಳಿಸಿದ್ದರೆ ಅದೂ ದಂಡ.

ಐಸಿಯ 8ನೇ ಕಾಲು ಮ್ಯೂಟ್, ಅಂದರೆ ಸದ್ದು ಅಡಗಿಸುವುದು. ಅದನ್ನು ರೆಸಿಸ್ಟರ್ ಮೂಲಕ ಮೈನಸ್ ಸಪ್ಲೈಗೆ ಎಳೆಯದಿದ್ದರೆ ಐಸಿ ಬಾಯೇ ಬಿಡುವುದಿಲ್ಲ. ಇನ್ನು ಲೋಹದ ಬೆನ್ನಿನ ಐಸಿ ಆಗಿದ್ದರೆ ಆ ಬೆನ್ನು ಮೈನಸ್ ಸಪ್ಲೈಗೇ ಸೇರಿರುತ್ತದೆ, ಬಿಸಿ ಎಳೆದುಕೊಳ್ಳುವ ಹೀಟ್‌ಸಿಂಕ್‌ಗೆ ಕೂರಿಸುವಾಗ ನಡುವೆ ಕರೆಂಟ್ ದಾಟದ ಹಾಗೆ ಮೈಕಾ ಹಾಳೆ ಮರೀಬೇಡಿ.

ಮೊದಲ ಸಲ ಕರೆಂಟ್ ಕೊಟ್ಟಿದ್ದು ಹಳೇ ತಂತಿ ಬಲ್ಬನ್ನು ಟ್ರಾನ್ಸ್‌ಫಾರ್ಮರ್‌ನ ಎಸಿ ಲೈನ್‌ಗೆ ಸೀರೀಸ್‌ನಲ್ಲಿ ಹಾಕಿ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದೆ, ಬೋರ್ಡ್ ಉಳಿಯುತ್ತದೆ. ಬಲ್ಬ್ ಒಂದು ಕ್ಷಣ ಮಿನುಗಿ ಮಂಕಾಯಿತು. ಔಟ್‌ಪುಟ್‌ನಲ್ಲಿ ಡಿಸಿ ಎಷ್ಟಿದೆ ಅಂತ ಮೀಟರ್‌ನಲ್ಲಿ ನೋಡಿದೆ, ಕೆಲವೇ ಮಿಲಿವೋಲ್ಟ್. ಆಮೇಲೇ ಸ್ಪೀಕರ್.

ಆದರೂ ಸಣ್ಣಗೆ ಗುಂಯ್ ಕೇಳಿಸುತ್ತಿತ್ತು. ತಲೆ ಕೆಟ್ಟು ಸ್ಪೀಕರ್ ವೈರ್ ಕಿತ್ತೆ, ಆಗಲೂ ನಿಲ್ಲಲಿಲ್ಲ. ಬಗ್ಗಿ ಕಿವಿ ಇಟ್ಟರೆ ಅದು ಟ್ರಾನ್ಸ್‌ಫಾರ್ಮರ್‌ನ ಮೈ ನಡುಗುವ ಸದ್ದು. ಸ್ವಿಚ್ ಆಫ್ ಮಾಡಿ ಅದರ ಕೆಳಗೆ ಒಂದು ತುಂಡು ರಬ್ಬರ್ ಇಟ್ಟು ಸ್ಕ್ರೂ ಬಿಗಿ ಮಾಡಿದೆ.