ಆಫ್ಕಾನ್ ಮೊದಲ ಸಲ ನೋಡುತ್ತಿದ್ದೀರಾ? ಪೆನ್ನು, ಹಾಳೆ ಹತ್ತಿರ ಇಟ್ಟುಕೊಳ್ಳಿ

ಆಫ್ರಿಕಾ ಕಪ್ ಆಫ್ ನೇಷನ್ಸ್, ಚಿಕ್ಕದಾಗಿ ಆಫ್ಕಾನ್, ಆಫ್ರಿಕಾದ ದೇಶಗಳ ಫುಟ್ಬಾಲ್ ಟೂರ್ನಿ. ಮೊದಲ ಸಲ ನೋಡುವವರು ಮಾಡುವುದು ಒಂದೇ ಕೆಲಸ. ಯಾವ ತಂಡದಲ್ಲಿ ಪರಿಚಯದ ಮುಖ ಇದೆ ಅಂತ ಹುಡುಕುವುದು, ಅದೇ ಗೆಲ್ಲುತ್ತದೆ ಅಂತ ಕೂತುಬಿಡುವುದು. ನಾನೂ ಹಾಗೇ ಶುರು ಮಾಡಿದ್ದು. ಈಜಿಪ್ಟ್ ತಂಡದಲ್ಲಿ ಸ್ಟಾರ್ ಆಟಗಾರ ಮೊಹಮದ್ ಸಲಾ ಇದ್ದಾರೆ, ಈಜಿಪ್ಟ್ 7 ಸಲ ಕಪ್ ಗೆದ್ದಿದೆ, ಬೇರೆ ಯಾರೂ ಅಷ್ಟು ಗೆದ್ದಿಲ್ಲ, ಇನ್ನೇನು ಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಆ 7ರಲ್ಲಿ ಕೊನೆಯದು 2010ರದ್ದು, ಆಗ ಸಲಾ ತಂಡದಲ್ಲೇ ಇರಲಿಲ್ಲ. ಅವರು ಇದ್ದಾಗ ಈಜಿಪ್ಟ್ 2017ರ ಫೈನಲ್ ಸೋತಿತು, 2021ರ ಫೈನಲ್ಲೂ ಸೋತಿತು.

ಹಾಗಾಗಿ ಮುಖ ಬಿಡಿ, ಪಾಯಿಂಟ್ ಪಟ್ಟಿ ಹಿಡಿಯಿರಿ. ಈ ಟೂರ್ನಿಯ ಅರ್ಧ ಮಜಾ ಇರುವುದು ಗುಂಪಿನ ಮೂರನೇ ಸ್ಥಾನದಲ್ಲಿ. ಅದು ಹೇಗೆ ಅಂತ ಹೇಳುತ್ತೇನೆ, ಅದಕ್ಕೂ ಮುಂಚೆ ಒಂದೆರಡು ಗೊಂದಲ ಬಿಡಿಸಿಕೊಳ್ಳಬೇಕು.

ಯಾವ ಕಪ್, ಯಾವ ವರ್ಷ

ಆಫ್ಕಾನ್ ಬೇರೆ, ಚಾನ್ ಬೇರೆ. ಎರಡನ್ನೂ ನಡೆಸುವುದು ಕಾಫ್, ಅಂದರೆ ಆಫ್ರಿಕಾದ ಫುಟ್ಬಾಲ್ ಒಕ್ಕೂಟ. ಎರಡರಲ್ಲೂ ಆಡುವುದು ದೇಶದ ತಂಡಗಳೇ. ಆದರೆ 2009ರಲ್ಲಿ ಶುರುವಾದ ಚಾನ್‌ನಲ್ಲಿ ತಮ್ಮ ದೇಶದ ಲೀಗ್‌ನಲ್ಲೇ ಆಡುವವರಿಗೆ ಮಾತ್ರ ಜಾಗ. ಮೊರಾಕೊ ಅದನ್ನು 2018, 2020, 2024ರಲ್ಲಿ ಗೆದ್ದಿದೆ, ಆ ತಂಡದಲ್ಲಿ ಮೊರಾಕೊದ ಹೆಸರಾಂತ ಆಟಗಾರ ಹಕೀಮಿ ಎಲ್ಲಿ ಅಂತ ಹುಡುಕಿದರೆ ಸಿಗುವುದಿಲ್ಲ, ಅವರು ಪ್ಯಾರಿಸ್‌ನಲ್ಲಿ ಆಡುವವರು. ಹೈಲೈಟ್ಸ್ ಹುಡುಕುವಾಗ ಎರಡೂ ಒಟ್ಟಿಗೇ ಬರುತ್ತವೆ, ನೋಡಿಕೊಂಡು ಒತ್ತಿ.

ಇನ್ನು ವರ್ಷದ ಗೋಳು. 2021ರ ಕಪ್ ಕ್ಯಾಮರೂನ್‌ನಲ್ಲಿ ನಡೆದದ್ದು 2022ರ ಜನವರಿ, ಫೆಬ್ರವರಿಯಲ್ಲಿ. 2023ರದ್ದು ಐವರಿ ಕೋಸ್ಟ್‌ನಲ್ಲಿ ನಡೆದದ್ದು 2024ರ ಜನವರಿ, ಫೆಬ್ರವರಿಯಲ್ಲಿ. 2025ರದ್ದು ಮೊರಾಕೊದಲ್ಲಿ 2025ರ ಡಿಸೆಂಬರ್ 21ಕ್ಕೆ ಶುರುವಾಗಿ ಜನವರಿಗೆ ದಾಟಿತು. ಐವರಿ ಕೋಸ್ಟ್‌ನಲ್ಲಿ ಜೂನ್, ಜುಲೈ ಅಂದರೆ ಜೋರು ಮಳೆ, ಆಡುವುದು ಕಷ್ಟ. ಜನವರಿಯಲ್ಲಿ ಇಟ್ಟರೆ ಯುರೋಪಿನ ಕ್ಲಬ್‌ಗಳಿಗೆ ಹೊಟ್ಟೆನೋವು, ಲೀಗ್ ನಡುವೆ ಆಟಗಾರರನ್ನು ಬಿಟ್ಟುಕೊಡಬೇಕಲ್ಲ. ಈ ಹಗ್ಗಜಗ್ಗಾಟದಲ್ಲಿ ಕಪ್‌ನ ಹೆಸರಿನ ವರ್ಷವೇ ಒಂದು, ಆಡುವ ವರ್ಷವೇ ಇನ್ನೊಂದು. ನನ್ನ ಸಲಹೆ ಇಷ್ಟೇ: ಹಳೆಯ ಕಪ್ ಹುಡುಕುವಾಗ ವರ್ಷದ ಜೊತೆ ಆತಿಥೇಯ ದೇಶದ ಹೆಸರೂ ಹಾಕಿ. ಇದುವರೆಗೆ ಎರಡು ವರ್ಷಕ್ಕೊಮ್ಮೆ ಬರುತ್ತಿತ್ತು, 2028ರ ನಂತರ ನಾಲ್ಕು ವರ್ಷಕ್ಕೊಮ್ಮೆ ಅಂತ ಕಾಫ್ ಹೇಳಿದೆ. ನನಗಂತೂ ಇದು ಇಷ್ಟವಾಗಲಿಲ್ಲ.

ಹೆಸರು ಓದುವುದು

ಪರದೆಯ ಮೂಲೆಯಲ್ಲಿ ಸ್ಕೋರ್ ಪಕ್ಕ ಮೂರು ಅಕ್ಷರ ಇರುತ್ತದೆ. ಐವರಿ ಕೋಸ್ಟ್‌ಗೆ ಸಿಐವಿ, ಯಾಕೆಂದರೆ ಆ ದೇಶ ತನ್ನನ್ನು ಕರೆದುಕೊಳ್ಳುವುದು ಕೋಟ್ ಡಿವಾರ್ ಅಂತ. ಕಾಂಗೊ ಎರಡು ಇವೆ. ಕಪ್ ಗೆದ್ದ ಸಾಧನೆ ಎರಡಕ್ಕೂ ಇದೆ, ಡಿಆರ್ ಕಾಂಗೊ 1968 ಮತ್ತು 1974ರಲ್ಲಿ, ಇನ್ನೊಂದು ಕಾಂಗೊ 1972ರಲ್ಲಿ. ಗಿನಿಗಳು ಮೂರು: ಬರೀ ಗಿನಿ, ಗಿನಿ-ಬಿಸಾವ್, ಈಕ್ವಟೋರಿಯಲ್ ಗಿನಿ. 2023ರಲ್ಲಿ ಮೂರೂ ಒಟ್ಟಿಗೆ ಬಂದು, ಅದರಲ್ಲಿ ಎರಡು ಒಂದೇ ಗುಂಪಿಗೆ ಬಿದ್ದಿದ್ದವು. ಸುಮ್ನೆ ಒಂದು ಹಾಳೆಯಲ್ಲಿ ಬರೆದು ಅಂಟಿಸಿಕೊಳ್ಳಿ, ನಾಚಿಕೆ ಏನಿಲ್ಲ.

ಅಡ್ಡಹೆಸರುಗಳೂ ಬೇಕು, ಕಾಮೆಂಟರಿಯಲ್ಲಿ ದೇಶದ ಹೆಸರಿಗಿಂತ ಅವೇ ಜಾಸ್ತಿ ಕೇಳಿಸುತ್ತವೆ. ಬರೀ ಸಿಂಹ ಅಂದರೆ ಸಾಲದು: ಕ್ಯಾಮರೂನ್ ಬಗ್ಗದ ಸಿಂಹಗಳು, ಸೆನೆಗಲ್ ತೆರಾಂಗ ಸಿಂಹಗಳು, ಮೊರಾಕೊ ಅಟ್ಲಾಸ್ ಸಿಂಹಗಳು. ನೈಜೀರಿಯಾ ಸೂಪರ್ ಈಗಲ್ಸ್, ಘಾನಾ ಬ್ಲ್ಯಾಕ್ ಸ್ಟಾರ್ಸ್, ಐವರಿ ಕೋಸ್ಟ್ ಆನೆಗಳು, ಈಜಿಪ್ಟ್ ಫೇರೋಗಳು. ನನಗೆ ಇಷ್ಟವಾದದ್ದು ಜಾಂಬಿಯಾದ ಚಿಪೊಲೊಪೊಲೊ. ತಾಮ್ರದ ಗುಂಡು ಅಂತ ಅರ್ಥ, ಅದು ತಾಮ್ರದ ಗಣಿಗಳ ದೇಶ.

ಈಗ ಪೆನ್ನು ತೆಗೆಯಿರಿ

2019ರಿಂದ ಆಫ್ಕಾನ್‌ನಲ್ಲಿ 24 ತಂಡ. 1957ರಲ್ಲಿ ಸುಡಾನ್‌ನ ಖಾರ್ಟೂಮ್‌ನಲ್ಲಿ ಶುರುವಾದಾಗ ಆಡಿದ್ದು ಮೂರೇ ಮೂರು, ಈಜಿಪ್ಟ್, ಸುಡಾನ್, ಇಥಿಯೋಪಿಯಾ. ವರ್ಣಭೇದ ನೀತಿಯ ಕಾರಣಕ್ಕೆ ದಕ್ಷಿಣ ಆಫ್ರಿಕಾವನ್ನು ಹೊರಗಿಟ್ಟಿದ್ದರು. ಈಗ ನಾಲ್ಕು ನಾಲ್ಕು ತಂಡದ ಆರು ಗುಂಪು. ಪ್ರತಿ ಗುಂಪಿನ ಮೊದಲ ಎರಡು ತಂಡ ಮುಂದೆ ಹೋಗುತ್ತವೆ, ಅಲ್ಲಿಗೆ 12. ಆದರೆ ನಾಕೌಟ್‌ಗೆ ಬೇಕಾದದ್ದು 16. ಬಾಕಿ ನಾಲ್ಕು ಜಾಗ, ಆರು ಗುಂಪಿನ ಮೂರನೇ ಸ್ಥಾನದವರಲ್ಲಿ ಚೆನ್ನಾಗಿರುವ ನಾಲ್ವರಿಗೆ.

ಹಾಳೆಯಲ್ಲಿ ಎರಡು ಪಟ್ಟಿ ಹಾಕಿ. ಒಂದರಲ್ಲಿ ಗುಂಪುಗಳು, ಇನ್ನೊಂದರಲ್ಲಿ ಬರೀ ಮೂರನೇ ಸ್ಥಾನದವರು. ಎರಡನೇ ಪಟ್ಟಿಯಲ್ಲಿ ಮೊದಲು ಪಾಯಿಂಟ್, ಸಮ ಆದರೆ ಗೋಲು ವ್ಯತ್ಯಾಸ (ಹೊಡೆದದ್ದರಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದರೆ ಉಳಿಯುವುದು), ಅದೂ ಸಮ ಆದರೆ ಹೊಡೆದ ಗೋಲು. ಗುಂಪಿನ ಒಳಗೆ ಲೆಕ್ಕ ಬೇರೆ. ಇಬ್ಬರ ಪಾಯಿಂಟ್ ಸಮ ಆದರೆ ಅವರಿಬ್ಬರ ನಡುವಿನ ಪಂದ್ಯ ಮೊದಲು ನೋಡುತ್ತಾರೆ, ಒಟ್ಟು ಗೋಲು ವ್ಯತ್ಯಾಸ ಆಮೇಲೆ. ಎಷ್ಟೋ ಜನ ಇಲ್ಲೇ ಎಡವುತ್ತಾರೆ.

2023ರ ‘ಎ’ ಗುಂಪನ್ನು ಬಿಡಿಸಿ ನೋಡೋಣ, ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ನೈಜೀರಿಯಾ ಮತ್ತು ಈಕ್ವಟೋರಿಯಲ್ ಗಿನಿ 1-1. ಉಳಿದ ಎರಡೆರಡು ಪಂದ್ಯ ಇಬ್ಬರೂ ಗೆದ್ದರು, ಅಲ್ಲಿಗೆ 7 ಪಾಯಿಂಟ್ ಇಬ್ಬರಿಗೂ. ತಮ್ಮ ನಡುವಿನ ಪಂದ್ಯ ಡ್ರಾ, ಅದರಿಂದ ತೀರ್ಮಾನ ಆಗಲಿಲ್ಲ. ಆಗ ಒಟ್ಟು ಗೋಲು: ನೈಜೀರಿಯಾ 3 ಹೊಡೆದು 1 ಬಿಟ್ಟುಕೊಟ್ಟಿತ್ತು, ಈಕ್ವಟೋರಿಯಲ್ ಗಿನಿ 9 ಹೊಡೆದು 3 ಬಿಟ್ಟುಕೊಟ್ಟಿತ್ತು. ಈಕ್ವಟೋರಿಯಲ್ ಗಿನಿ ಮೊದಲು! ಅವರ ಎಮಿಲಿಯೊ ಎನ್ಸುವೆಗೆ ಆಗ 34 ವರ್ಷ, ಗಿನಿ-ಬಿಸಾವ್ ಮೇಲೆ ಹ್ಯಾಟ್ರಿಕ್ ಹೊಡೆದರು, ಕೊನೆಗೆ ಟೂರ್ನಿಯಲ್ಲಿ ಎಲ್ಲರಿಗಿಂತ ಜಾಸ್ತಿ ಗೋಲೂ ಅವರದ್ದೇ, 5.

ಅದೇ ಗುಂಪಿನ ಮೂರನೆಯವರು ಆತಿಥೇಯರು. ಐವರಿ ಕೋಸ್ಟ್ ಗಿನಿ-ಬಿಸಾವ್ ಮೇಲೆ 2-0 ಗೆದ್ದಿತು, ನೈಜೀರಿಯಾಕ್ಕೆ 0-1 ಸೋತಿತು, ಆಮೇಲೆ ತಮ್ಮದೇ ಜನರ ಮುಂದೆ ಈಕ್ವಟೋರಿಯಲ್ ಗಿನಿಗೆ 0-4. ಹಾಳೆಯಲ್ಲಿ ಬರೆಯಿರಿ: 3 ಪಾಯಿಂಟ್, ಗೋಲು ವ್ಯತ್ಯಾಸ ಮೈನಸ್ 3. ಇದನ್ನು ನೋಡಿ ಯಾರಾದರೂ ಆಸೆ ಇಟ್ಟುಕೊಳ್ಳುತ್ತಾರಾ? ಫೆಡರೇಷನ್ ಕೂಡ ಇಟ್ಟುಕೊಳ್ಳಲಿಲ್ಲ ಅನಿಸುತ್ತದೆ, ಟೂರ್ನಿ ನಡುವೆಯೇ ಕೋಚ್ ಜಾನ್-ಲೂಯಿ ಗಾಸೆ ಅವರನ್ನು ಕಳಿಸಿಬಿಟ್ಟಿತು.

ಈಗ ಎರಡನೇ ಪಟ್ಟಿ. ಗಿನಿ 4, ನಮೀಬಿಯಾ 4, ಇಬ್ಬರೂ ಪಾರು. ಮಾರಿಟಾನಿಯಾ 3, ವ್ಯತ್ಯಾಸ ಮೈನಸ್ 1, ಪಾರು. ಘಾನಾ 2 ಮಾತ್ರ. ಮೊಜಾಂಬಿಕ್ ಮೇಲೆ 2-0 ಮುಂದಿದ್ದವರು ಹೆಚ್ಚುವರಿ ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಡ್ರಾ ಮಾಡಿಕೊಂಡಿದ್ದರು. ಉಳಿದದ್ದು ಜಾಂಬಿಯಾ. ಅವರ ಕೈಯಲ್ಲಿ ಎರಡು ಡ್ರಾ, ಅಂದರೆ 2 ಪಾಯಿಂಟ್, ವ್ಯತ್ಯಾಸ ಸೊನ್ನೆ, ಕೊನೆಯ ಪಂದ್ಯ ಮೊರಾಕೊ ಜೊತೆ. ಅಲ್ಲಿ ಒಂದು ಡ್ರಾ ಆಗಿದ್ದರೂ ಜಾಂಬಿಯಾಕ್ಕೆ 3 ಪಾಯಿಂಟ್, ವ್ಯತ್ಯಾಸ ಸೊನ್ನೆ, ಐವರಿ ಕೋಸ್ಟ್ ಮನೆಗೆ. ಮನೆಗೆ ಅಂದರೆ, ಮನೆಯಲ್ಲೇ ಇದ್ದರಲ್ಲ ಪಾಪ. ತಮ್ಮ ಪಂದ್ಯ ಮುಗಿದು ಎರಡು ದಿನ ಕಾದು ಕೂತಿದ್ದ ಆತಿಥೇಯರ ಹಣೆಬರಹ ಮೊರಾಕೊದ ಜಿಯೆಶ್ ಕಾಲಲ್ಲಿತ್ತು. ಅವರು ಒಂದು ಗೋಲು ಹೊಡೆದರು, ಮೊರಾಕೊ 1-0. ಐವರಿ ಕೋಸ್ಟ್ ಹದಿನಾರರ ಕೊನೆಯ ಸೀಟು ಹಿಡಿಯಿತು.

ಅದಕ್ಕೇ ಹೇಳಿದ್ದು, ಗುಂಪಿನ ಕೊನೆಯ ಸುತ್ತಿನ ದಿನ ನಿಮಗೆ ಸಂಬಂಧವೇ ಇಲ್ಲ ಅನಿಸುವ ಪಂದ್ಯವನ್ನೂ ಹಾಳೆ ಹಿಡಿದು ನೋಡಿ. ಒಂದೇ ಗುಂಪಿನ ಎರಡು ಪಂದ್ಯ ಒಟ್ಟಿಗೆ ಶುರುವಾಗುತ್ತವೆ, ಒಂದನ್ನು ಟಿ.ವಿ.ಯಲ್ಲಿ ಹಾಕಿ, ಇನ್ನೊಂದರ ಸ್ಕೋರ್ ಫೋನಲ್ಲಿ ಇಡಿ. ಪ್ರತಿ ಗೋಲಿಗೂ ಪಟ್ಟಿ ತಿದ್ದಿ. ಅಳಿಸಿ ಬರೆಯುವ ಹಾಗೆ ಪೆನ್ಸಿಲ್ ಆದರೆ ಇನ್ನೂ ಒಳ್ಳೆಯದು, ಶೀರ್ಷಿಕೆಯಲ್ಲಿ ಪೆನ್ನು ಅಂದದ್ದು ನನ್ನ ತಪ್ಪು.

ನಾಕೌಟ್‌ನಲ್ಲಿ ಟಿ.ವಿ. ಆರಿಸಬೇಡಿ

ಇದು ನನ್ನ ಹೊಟ್ಟೆ ಉರಿದ ಕಥೆ. ಅದೇ ಐವರಿ ಕೋಸ್ಟ್, ಎಮರ್ಸ್ ಫಾಯೆ ಎಂಬ ಸಹಾಯಕ ಕೋಚ್‌ಗೆ ತಂಡ ಒಪ್ಪಿಸಿ, ಸೆನೆಗಲ್‌ ಅನ್ನು ಪೆನಾಲ್ಟಿಯಲ್ಲಿ ದಾಟಿ, ಕ್ವಾರ್ಟರ್ ಫೈನಲ್‌ನಲ್ಲಿ ಮಾಲಿ ಎದುರು ಆಡುತ್ತಿತ್ತು. ಮೊದಲರ್ಧದಲ್ಲೇ ಐವರಿ ಕೋಸ್ಟ್ ಆಟಗಾರ ಕೊಸ್ಸುನುಗೆ ಕೆಂಪು ಕಾರ್ಡ್, ಹತ್ತು ಜನ ಉಳಿದರು. 71ನೇ ನಿಮಿಷಕ್ಕೆ ಮಾಲಿ ಗೋಲು. ಮುಗಿಯಿತು ಅಂತ ಆರಿಸಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ 2-1, ಗೆದ್ದವರು ಐವರಿ ಕೋಸ್ಟ್. 90ನೇ ನಿಮಿಷಕ್ಕೆ ಅದಿಂಗ್ರ, ಹೆಚ್ಚುವರಿ ಅವಧಿಯ ಕಟ್ಟಕಡೆಗೆ ದಿಯಾಕಿತೆ. ದಿಯಾಕಿತೆ ಖುಷಿಗೆ ಅಂಗಿ ಬಿಚ್ಚಿ ಎರಡನೇ ಹಳದಿ ಕಾರ್ಡ್ ತಗೊಂಡು ಹೊರಗೂ ಹೋಗಿದ್ದರು. ಅದನ್ನೆಲ್ಲ ನಾನು ನೋಡಿದ್ದು ಎರಡು ನಿಮಿಷದ ಕ್ಲಿಪ್‌ನಲ್ಲಿ. ಸೆಮಿಫೈನಲ್‌ನಲ್ಲಿ ಡಿಆರ್ ಕಾಂಗೊ ಮೇಲೆ 1-0, ಫೈನಲ್‌ನಲ್ಲಿ ಅದೇ ನೈಜೀರಿಯಾ ಮೇಲೆ 2-1, ಗೆಲುವಿನ ಗೋಲು 81ನೇ ನಿಮಿಷಕ್ಕೆ ಹಾಲರ್ ಅವರದ್ದು. ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮೈದಾನಕ್ಕೆ ಮರಳಿದ್ದ ಹಾಲರ್. ಮೈನಸ್ 3 ಇಟ್ಟುಕೊಂಡು ಒಳಗೆ ಬಂದವರು ಕಪ್ ಎತ್ತಿದರು!

ಸಮಯ ಹೊಂದಿಸಿಕೊಳ್ಳಿ. ಪಟ್ಟಿಯಲ್ಲಿ ಜಿಎಂಟಿ ಅಂತಿದ್ದರೆ ಐದೂವರೆ ಗಂಟೆ ಸೇರಿಸಿ, ರಾತ್ರಿ 8ರ ಪಂದ್ಯ ನಮಗೆ 1.30ಕ್ಕೆ. 2027ರದ್ದು ಕೀನ್ಯಾ, ತಾಂಜಾನಿಯಾ, ಉಗಾಂಡದಲ್ಲಿ, ಅಲ್ಲಿಗೂ ನಮಗೂ ಎರಡೂವರೆ ಗಂಟೆ ಅಷ್ಟೇ ವ್ಯತ್ಯಾಸ. ಈ ಸಲ ನಿದ್ದೆಯ ನೆಪ ನಡೆಯುವುದಿಲ್ಲ. ನಾಕೌಟ್ ಪಂದ್ಯಕ್ಕೆ 90 ನಿಮಿಷ ಮಾತ್ರ ಎತ್ತಿಡಬೇಡಿ, ಮೂರು ಗಂಟೆ ಎತ್ತಿಡಿ. ಸಮ ಆದರೆ 30 ನಿಮಿಷ ಹೆಚ್ಚುವರಿ, ಆಮೇಲೆ ಪೆನಾಲ್ಟಿ, ಅಲ್ಲಿ ಕೆಲವೊಮ್ಮೆ ಕೊನೆಯೇ ಇಲ್ಲ.

ಗುಂಪಿನ ಪಂದ್ಯವೂ ಮುಗಿದದ್ದು ಖಾತ್ರಿ ಆಗುವ ತನಕ ಏಳಬೇಡಿ. 2022ರ ಜನವರಿಯಲ್ಲಿ ಟ್ಯುನೀಷಿಯಾ, ಮಾಲಿ ಪಂದ್ಯದಲ್ಲಿ ರೆಫರಿ 85ನೇ ನಿಮಿಷಕ್ಕೇ ಸೀಟಿ ಊದಿದರು, ಮತ್ತೆ ಆಡಿಸಿ, 90 ತುಂಬಲು ಕೆಲವೇ ಸೆಕೆಂಡ್ ಇರುವಾಗ ಮತ್ತೊಮ್ಮೆ ಊದಿದರು. ಬಿಸಿಲಿನ ಹೊಡೆತ ಬಿದ್ದಿತ್ತು ಅಂತ ಆಮೇಲೆ ತಿಳಿಯಿತು. ಅದೇ ಟೂರ್ನಿಯಲ್ಲಿ ಕೊಮೊರೊಸ್ ತಂಡಕ್ಕೆ ಗೋಲ್‌ಕೀಪರೇ ಇಲ್ಲದಂತಾಗಿ, ಡಿಫೆಂಡರ್ ಶಾಕೆರ್ ಅಲ್ಹದುರ್ ಕೈಗವಸು ಹಾಕಿ ನಿಂತರು. ಕೀಪರ್ ಅಂಗಿಯ ಬೆನ್ನ ಮೇಲೆ ಟೇಪ್ ಅಂಟಿಸಿ ಮಾಡಿದ 3 ಅಂಕಿ. ಕ್ಯಾಮರೂನ್ ಎದುರು ಸೋತದ್ದು 2-1 ಮಾತ್ರ.

ಪೆನಾಲ್ಟಿಗೆ ಹಾಳೆಯ ಹಿಂಬದಿ ಖಾಲಿ ಇರಲಿ

ಹೆಸರು, ಪಕ್ಕದಲ್ಲಿ ಸರಿ ಅಥವಾ ತಪ್ಪು ಗುರುತು. ಐದೈದು ಸಾಲು ಸಾಕು ಅಂತ ಗೆರೆ ಎಳೆದುಬಿಡಬೇಡಿ. 1992ರ ಫೈನಲ್ ಐವರಿ ಕೋಸ್ಟ್ 11-10 ಗೆದ್ದದ್ದು, ಎದುರು ಘಾನಾ. 2012ರಲ್ಲಿ ಜಾಂಬಿಯಾ 8-7 ಗೆದ್ದದ್ದು ಐವರಿ ಕೋಸ್ಟ್ ಮೇಲೆ, ಗ್ಯಾಬೊನ್‌ನ ಲಿಬ್ರೆವಿಲ್‌ನಲ್ಲಿ. 1993ರಲ್ಲಿ ಜಾಂಬಿಯಾ ತಂಡವನ್ನು ಹೊತ್ತ ವಿಮಾನ ಬಿದ್ದದ್ದು ಅದೇ ಊರಿನ ಹತ್ತಿರದ ಸಮುದ್ರಕ್ಕೆ. ಆ ಫೈನಲ್ ಸಿಕ್ಕರೆ ಪೂರ್ತಿ ನೋಡಿ, ಕ್ಲಿಪ್ ಬೇಡ.

2015ರ ಫೈನಲ್ ಮತ್ತೆ ಐವರಿ ಕೋಸ್ಟ್, ಘಾನಾ, ಮತ್ತೆ 0-0. ಐವರಿ ಕೋಸ್ಟ್ ಮೊದಲ ಎರಡೂ ಕಿಕ್ ಹಾಳು ಮಾಡಿಕೊಂಡಿತು, ಆಮೇಲೆ ಘಾನಾ ಎರಡು ಹಾಳು ಮಾಡಿಕೊಂಡಿತು. ಹತ್ತು ಹತ್ತು ಜನ ಒದ್ದು 8-8 ಆದಾಗ ಉಳಿದವರು ಇಬ್ಬರು ಕೀಪರ್‌ಗಳು. ಐವರಿ ಕೋಸ್ಟ್‌ನ ಬೌಬಕಾರ್ ಬ್ಯಾರಿ ಘಾನಾದ ಕೀಪರ್ ಒದ್ದದ್ದನ್ನು ತಡೆದರು, ತಾವೇ ಹೋಗಿ ಚೆಂಡು ಇಟ್ಟರು, ಒದ್ದರು, 9-8. ಅವರದೇ ತಂಡದ ಜೆರ್ವಿನ್ಹೊ ಇದ್ಯಾವುದನ್ನೂ ನೋಡಲಿಲ್ಲ. ಮೈದಾನಕ್ಕೆ ಬೆನ್ನು ಹಾಕಿ, ಬೆಂಚಿನ ಹಿಂದೆ ಒಂದು ಕುರ್ಚಿಯಲ್ಲಿ ಕೂತಿದ್ದರು.